ಅಪ್ಪನ ಪಾಲಿನ ಆಲೂಗಡ್ಡೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಕೆಲವು ತಿಂಗಳ ಹಿಂದೆ ಯಾವಾಗ ನೋಡಿದರೂ ಮೂರ್ನಾಲ್ಕು ಸಣ್ಣ ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ಒಂದನ್ನು ತೆರೆದರೆ ಬೇಯಿಸಿ ಕಿವುಚಿದ ಆಲೂಗಡ್ಡೆ. ಪಕ್ಕದ್ದನ್ನು ತೆರೆದರೆ ಅದರಲ್ಲೂ ಅದೇ. ಒಂದು ನಿನ್ನೆಯದು, ಒಂದು ಮೊನ್ನೆಯದು, ಹಿಂದೆ ಅವಿತುಕೊಂಡಿರೋದು ಯಾವತ್ತಿನದೋ ದೇವರೇ ಬಲ್ಲ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿಗಳು ಇದ್ದೇ ಇರುತ್ತವೆ. ಒಂದು ಸೌಟು ಸಾರು, ಅರ್ಧ ಬಟ್ಟಲು ಪಲ್ಯ, ಎರಡು ತುತ್ತು ಚಿತ್ರಾನ್ನ. ತಿನ್ನೋಕೆ ಯಾರೂ ಇಲ್ಲ, ಚೆಲ್ಲೋಕೆ ಯಾರಿಗೂ ಮನಸ್ಸಿಲ್ಲ. ಆದರೆ ನಮ್ಮ ಮನೆಯಲ್ಲಿ ದಿನಾ ಒಂದೇ ಪದಾರ್ಥ ಉಳಿಯುತ್ತಿತ್ತು. ಅದು ನನಗೆ ಒಗಟಾಗಿತ್ತು. ಆಮೇಲೆ ಕಿರಿಕಿರಿಯೂ ಆಯಿತು.

ಮನೆಯಲ್ಲಿರುವುದು ನಾವಿಬ್ಬರೇ, ನಾನು ಮತ್ತು ಅಮ್ಮ. ಹೋದ ವರ್ಷ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡರು. ಹಾಸನದ ಹತ್ತಿರ ನಮ್ಮೂರಿನ ಮನೆಗೆ ಬೀಗ ಹಾಕಿ, ಜಮೀನನ್ನು ಚಿಕ್ಕಪ್ಪನಿಗೆ ನೋಡಿಕೊಳ್ಳೋಕೆ ಹೇಳಿ, ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಅವಳು ತಂದದ್ದು ಎರಡು ಸೂಟ್‌ಕೇಸು, ಒಂದು ಚೀಲ ರಾಗಿ, ಅಪ್ಪನ ಒಂದು ಫೋಟೊ. ಜೊತೆಗೆ ಸಂಜೆ ಆರೂವರೆ ಆಗುತ್ತಿದ್ದ ಹಾಗೆ ಕುಕ್ಕರಿಗೆ ನಾಲ್ಕು ಆಲೂಗಡ್ಡೆ ಹಾಕುವ ಅಭ್ಯಾಸ. ಎರಡು ಗಡ್ಡೆ ಪಲ್ಯಕ್ಕೋ ಸಾರಿಗೋ ಹೋಗುತ್ತಿದ್ದವು. ಇನ್ನೆರಡರ ಸಿಪ್ಪೆ ಸುಲಿದು, ಚಿಟಿಕೆ ಉಪ್ಪು, ಒಂದು ಚೂರು ಬೆಣ್ಣೆ ಹಾಕಿ ನುಣ್ಣಗೆ ಕಿವುಚಿ ಬಟ್ಟಲಿಗೆ ಹಾಕುತ್ತಿದ್ದಳು. ರಾತ್ರಿ ಊಟ ಮುಗಿದ ಮೇಲೆ ಆ ಬಟ್ಟಲು ಹಾಗೇ ಡಬ್ಬಿಗೆ ಹೋಗುತ್ತಿತ್ತು.

"ಯಾಕಮ್ಮ ದಿನಾ ಇಷ್ಟೊಂದು ಮಾಡ್ತೀಯ? ತಿನ್ನೋರು ಯಾರು?" ಅಂತ ಒಂದೆರಡು ಸಲ ಕೇಳಿದೆ.

"ಕೈ ತಪ್ಪಿ ಆಯ್ತು ಬಿಡಪ್ಪ" ಅಂತ ಅಂದು ಸುಮ್ಮನಾಗುತ್ತಿದ್ದಳು.

ಒಂದು ಶುಕ್ರವಾರ ರಾತ್ರಿ, ಆಫೀಸಿನ ಯಾವುದೋ ರಿಲೀಸ್ ಕೆಟ್ಟು ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ, ಮೊಸರಿಗೆ ಅಂತ ಫ್ರಿಜ್ಜು ತೆರೆದರೆ ಡಬ್ಬಿಗಳು ಎದುರಿಗೇ ನಿಂತಿದ್ದವು. ಸಿಟ್ಟು ಯಾವುದರ ಮೇಲೋ, ತೀರಿಸಿಕೊಂಡದ್ದು ಡಬ್ಬಿಗಳ ಮೇಲೆ. ನಾಲ್ಕನ್ನೂ ಹಸಿ ಕಸದ ಬಕೆಟ್ಟಿಗೆ ಬಗ್ಗಿಸಿ, ತೊಳೆಯೋಕೆ ಸಿಂಕಿಗೆ ಹಾಕಿದೆ. ತಿರುಗಿದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಬಕೆಟ್ಟಿನ ಮುಚ್ಚಳ ಹಾಕಿ, ಡಬ್ಬಿಗಳನ್ನು ತಾನೇ ತೊಳೆದಿಟ್ಟು ಹೋಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ನನ್ನ ಬ್ರೆಡ್ ಹುಚ್ಚು ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಜನ ಶುರು ಮಾಡಿ ಬಿಟ್ಟ ಸೋರ್‌ಡೋ ಬ್ರೆಡ್ಡನ್ನು ನಾನು ಬಿಡದೆ ಹಿಡಿದುಕೊಂಡೆ. ಗೊತ್ತಿಲ್ಲದವರಿಗೆ ಎರಡು ಮಾತು. ಅಂಗಡಿಯ ಬ್ರೆಡ್ಡಿಗೆ ಪ್ಯಾಕೆಟ್ ಯೀಸ್ಟ್ ಹಾಕುತ್ತಾರೆ. ಸೋರ್‌ಡೋಗೆ ಅದು ಬೇಡ. ಹಿಟ್ಟು ಮತ್ತು ನೀರು ಕಲಸಿ ಇಟ್ಟು, ದಿನಾ ಸ್ವಲ್ಪ ತೆಗೆದು ಹೊಸ ಹಿಟ್ಟು, ನೀರು ಕೊಡುತ್ತಾ ಹೋದರೆ ವಾರ ಹತ್ತು ದಿನದಲ್ಲಿ ಅದರೊಳಗೆ ಹಿಟ್ಟಿನದೇ ಯೀಸ್ಟು, ಹುಳಿ ಮಾಡುವ ಬ್ಯಾಕ್ಟೀರಿಯಾ ನೆಲೆ ನಿಲ್ಲುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ಟರ್ ಅಂತಾರೆ. ಅಮ್ಮ ಬೆಂಗಳೂರಿಗೆ ಬಂದ ಮೊದಲ ವಾರ ಆ ಗಾಜಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಇದು ಬ್ರೆಡ್ಡಿನ ಹೆಪ್ಪಲ್ವೇನೋ" ಅಂದಳು. ಐದು ವರ್ಷದಿಂದ ನನಗೆ ಹೊಳೆಯದ ಪದ ಅದು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹೆಪ್ಪು. ಇಡ್ಲಿ ಹಿಟ್ಟು ಉಬ್ಬುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬಂದ ಬ್ಯಾಕ್ಟೀರಿಯಾಗಳಿಂದ. ಹಾಗಾಗಿ ನಮ್ಮ ಅಮ್ಮಂದಿರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. "ನೀನು ಹನ್ನೆರಡು ಗಂಟೆ ಕಾಯ್ತೀಯ ಅಂತ ಹೇಳ್ಕೊಂಡು ತಿರುಗ್ತೀಯ. ನಾವು ದಿನಾ ಕಾಯ್ತೀವಿ" ಅಂದಿದ್ದಳು ಒಮ್ಮೆ.

ಡಬ್ಬಿ ಚೆಲ್ಲಿದ ಮರುದಿನ ಶನಿವಾರ. ಸಂಜೆ ಅಮ್ಮ ಮತ್ತೆ ನಾಲ್ಕು ಗಡ್ಡೆ ಬೇಯಿಸಿದಳು. ರಾತ್ರಿ ಮತ್ತೆ ಒಂದು ಡಬ್ಬಿ ಫ್ರಿಜ್ಜಿಗೆ ಬಂತು. ಈ ಸಲ ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಅಪರಾಧಿ ಭಾವ ಅಂತಾರಲ್ಲ, ಅದು. ಭಾನುವಾರ ಹೇಗೂ ಬ್ರೆಡ್ ಮಾಡುವ ದಿನ. ಆಲೂಗಡ್ಡೆಯನ್ನೂ ಅದರೊಳಗೆ ಸೇರಿಸಿಬಿಡೋಣ, ಚೆಲ್ಲಿದ ಹಾಗೂ ಆಗಲ್ಲ, ತಿಂದ ಹಾಗೂ ಆಗುತ್ತೆ ಅಂದುಕೊಂಡೆ.

ಹಾಗೆ ಸೇರಿಸೋದು ಹೊಸದೇನಲ್ಲ. ಆಲೂಗಡ್ಡೆ ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ. ಯುರೋಪಿಗೆ ಬಂದ ಮೇಲೆ, ಗೋಧಿ ತುಟ್ಟಿಯಾದಾಗಲೆಲ್ಲ ಅಲ್ಲಿನ ಜನ ಅದನ್ನು ಬ್ರೆಡ್ಡಿಗೆ ಬೆರೆಸಿದ್ದಾರೆ. ಫ್ರಾನ್ಸಿನ ಪಾರ್ಮಾಂಟಿಯೇ ಅನ್ನುವ ಔಷಧ ತಜ್ಞ ಯುದ್ಧದಲ್ಲಿ ಸೆರೆಸಿಕ್ಕು ಪ್ರಷ್ಯಾದಲ್ಲಿ ಆಲೂಗಡ್ಡೆ ತಿಂದು ಬದುಕಿ, ಊರಿಗೆ ಮರಳಿದ ಮೇಲೆ ಅದರ ಪ್ರಚಾರವನ್ನೇ ಜೀವನದ ಕೆಲಸ ಮಾಡಿಕೊಂಡ. ಗೋಧಿ ಹಿಟ್ಟೇ ಇಲ್ಲದೆ ಆಲೂಗಡ್ಡೆಯ ಬ್ರೆಡ್ ಮಾಡುವುದು ಹೇಗೆ ಅಂತ 1779ರಲ್ಲಿ ಒಂದು ಪುಸ್ತಕವನ್ನೇ ಬರೆದ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಧಾನ್ಯದ ಕೊರತೆ ಆದಾಗ ಅಲ್ಲಿನ ಸರ್ಕಾರ ಆಲೂಗಡ್ಡೆ ಬೆರೆಸಿದ ಬ್ರೆಡ್ಡನ್ನು ಜಾರಿಗೆ ತಂತು. ಅದನ್ನು 'ಕೆ-ಬ್ರೋಟ್' ಅಂತ ಕರೆದರು. ಕೆ ಅಂದರೆ ಅವರ ಭಾಷೆಯಲ್ಲಿ ಯುದ್ಧವೂ ಹೌದು, ಆಲೂಗಡ್ಡೆಯೂ ಹೌದು. ಬರಗಾಲ ಮುಗಿದ ಮೇಲೂ ಈ ಅಡುಗೆ ಉಳಿದುಕೊಂಡದ್ದಕ್ಕೆ ಕಾರಣ ರುಚಿ. ಆಲೂಗಡ್ಡೆ ಬಿದ್ದ ಬ್ರೆಡ್ ಮೆತ್ತಗಿರುತ್ತದೆ, ಬೇಗ ಒಣಗುವುದಿಲ್ಲ.

ಇಷ್ಟೆಲ್ಲ ಓದಿಕೊಂಡು ಬಹಳ ಆತ್ಮವಿಶ್ವಾಸದಿಂದ ಕಲಸೋಕೆ ಕೂತೆ. ನನ್ನ ಬ್ರೆಡ್ಡಿನ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಒಂದು ಹಾಳೆ ಇದೆ. ಹಿಟ್ಟು 400 ಗ್ರಾಂ, ನೀರು 280, ಹೆಪ್ಪು 80, ಉಪ್ಪು 8. ಐದು ವರ್ಷದಿಂದ ಇದೇ ಅಳತೆ, ತಪ್ಪಿದ್ದಿಲ್ಲ. ಕೊನೆಯಲ್ಲಿ 'ಇತರೆ' ಅಂತ ಒಂದು ಸಾಲು ಇಟ್ಟಿದ್ದೆ, ಎಳ್ಳು, ಅಗಸೆ ಬೀಜ ಹಾಕಿದರೆ ಬರೆದುಕೊಳ್ಳಲು. ಅಲ್ಲಿ 'ಆಲೂಗಡ್ಡೆ 150' ಅಂತ ಬರೆದೆ. ಡಬ್ಬಿಯಿಂದ ತಣ್ಣಗಿರುವುದನ್ನು ಹಾಗೇ ತೆಗೆದು ಹಿಟ್ಟಿಗೆ ಹಾಕಿದೆ.

ಹಿಟ್ಟು ಕೈಗೆ ಸಿಗಲೇ ಇಲ್ಲ. ಮಡಚಿದರೆ ಜಾರಿತು, ಎತ್ತಿದರೆ ಹರಿಯಿತು. ನೀರ್‌ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಅನ್ನಬಹುದು, ಅಷ್ಟೇ. ಹೆಪ್ಪಿನ ತಪ್ಪಿರಬಹುದು, ಕಾದರೆ ಸರಿ ಹೋಗುತ್ತೆ ಅಂತ ಕಾದೆ. ಹೋಗಲಿಲ್ಲ. ಕೊನೆಗೆ ಬ್ರೆಡ್ ಟಿನ್ನಿಗೆ ಸುರಿದು ಓವನ್ನಿನಲ್ಲಿಟ್ಟೆ. ಮೇಲೆ ಚಂದದ ಕೆಂಪು ಬಣ್ಣ ಬಂತು, ನೋಡೋಕೆ ಬ್ರೆಡ್ಡೇ. ಕೊಯ್ದರೆ ಒಳಗೆ ಅಂಟಂಟು, ನಡುನಡುವೆ ಬೆಳ್ಳಗಿನ ಆಲೂಗಡ್ಡೆ ಗಂಟು.

ಅಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು. "ಬ್ರೆಡ್ ಅನ್ಬೇಡ ಕಣೋ ಇದನ್ನ. ಕಡುಬು ಅನ್ನು, ತಿಂತೀನಿ" ಅಂದಳು. ಡಬ್ಬಿ ಚೆಲ್ಲಿದ ರಾತ್ರಿಯಿಂದ ಅವಳು ನನ್ನ ಜೊತೆ ನಕ್ಕದ್ದು ಅದೇ ಮೊದಲು.

ಕೋಡ್ ಕೆಟ್ಟಾಗ ಮೊದಲು ನೋಡಬೇಕಾದ್ದು ಹೊಸದಾಗಿ ಏನು ಸೇರಿಸಿದೆ ಅನ್ನೋದನ್ನ. ರಾತ್ರಿ ಹಾಳೆ ತೆರೆದು ನೋಡಿದೆ. ಹೊಸದಾಗಿ ಸೇರಿದ್ದು ಒಂದೇ ಸಾಲು. ಹಿಟ್ಟಿನ ಸಾಲು ಹಿಟ್ಟಿನ ಲೆಕ್ಕಕ್ಕೆ, ನೀರಿನ ಸಾಲು ನೀರಿನ ಲೆಕ್ಕಕ್ಕೆ, ಹೆಪ್ಪು ಅರ್ಧ ಹಿಟ್ಟಿಗೆ ಅರ್ಧ ನೀರಿಗೆ ಹೋಗುತ್ತದೆ. 'ಇತರೆ' ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಎಳ್ಳಿಗೆ ಅದು ಸರಿ. ಆಲೂಗಡ್ಡೆಗೆ? ಗಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. 150 ಗ್ರಾಂ ಆಲೂಗಡ್ಡೆ ಅಂದರೆ ಸುಮಾರು 115 ಗ್ರಾಂ ನೀರು. ನಾನು ಸುರಿದ 280, ಹೆಪ್ಪಿನಲ್ಲಿದ್ದ 40, ಇದು 115. ಒಟ್ಟು 435. ಹೆಪ್ಪಿನದೂ ಸೇರಿ ಹಿಟ್ಟು 440. ಅಂದರೆ ಹಿಟ್ಟಿನಷ್ಟೇ ನೀರು! ಹರಿಯದೆ ಇನ್ನೇನು ಮಾಡೀತು? ಕಣ್ಣಿಗೆ ಗಟ್ಟಿಯಾಗಿ ಕಂಡದ್ದಕ್ಕೆ ಅದರೊಳಗೆ ನೀರಿದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಇನ್ನು ಆ ನೀರು ಅಲ್ಲಿ ಏನು ಮಾಡುತ್ತೆ ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಆಲೂಗಡ್ಡೆ ಬ್ರೆಡ್ಡಿನ ಗುಟ್ಟು ಇರುವುದೇ ಅಲ್ಲಿ. ಗಡ್ಡೆ ಬೇಯುವಾಗ ಅದರ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಕುಡಿದ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಓವನ್ನಿನ ಬಿಸಿಯಲ್ಲೂ ಒಂದಷ್ಟನ್ನು ಹಿಡಿದುಕೊಂಡೇ ಇರುತ್ತವೆ. ಅದಕ್ಕೇ ಬ್ರೆಡ್ ಮೂರ್ನಾಲ್ಕು ದಿನ ಕಳೆದರೂ ಮೆತ್ತಗಿರುವುದು. ಬೆಂದ ಪಿಷ್ಟ ಸಕ್ಕರೆಯಾಗಿ ಒಡೆಯುವುದೂ ಸುಲಭ, ಹಾಗಾಗಿ ಹೆಪ್ಪಿಗೆ ಒಳ್ಳೆ ಮೇವು ಸಿಗುತ್ತೆ, ಮೇಲಿನ ಪದರ ಬೇಗ ಕೆಂಪಾಗುತ್ತೆ. ಒಂದೇ ತೊಂದರೆ ಅಂದರೆ ಗೋಧಿಯಲ್ಲಿರುವ ಜಿಗುಟು ಆಲೂಗಡ್ಡೆಯಲ್ಲಿಲ್ಲ. ಬ್ರೆಡ್ಡನ್ನು ಎತ್ತಿ ಹಿಡಿಯುವುದು ಆ ಜಿಗುಟೇ. ಆದ್ದರಿಂದ ಆಲೂಗಡ್ಡೆ ಹಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಬಹಳ ಹೆಚ್ಚಾಗಬಾರದು.

ನೀರಿನ ತಪ್ಪು ಸಿಕ್ಕಿತು. ಉಳಿದದ್ದು ಗಂಟಿನ ತಪ್ಪು. ಅಮ್ಮ ಬಟ್ಟಲಿಗೆ ಹಾಕುವಾಗ ಬೆಣ್ಣೆ ಹಾಗೆ ಇರುವ ಆಲೂಗಡ್ಡೆ ಫ್ರಿಜ್ಜಿನಲ್ಲಿ ತಣ್ಣಗಾದ ಮೇಲೆ ಗಟ್ಟಿ ಕಟ್ಟುತ್ತದೆ. ಮುಂದಿನ ಭಾನುವಾರ ಡಬ್ಬಿ ಹಿಡಿದುಕೊಂಡು ಅಮ್ಮನ ಹತ್ತಿರ ಹೋದೆ.

"ಇದನ್ನ ಮತ್ತೆ ನುಣ್ಣಗೆ ಮಾಡೋದು ಹೇಗಮ್ಮ?"

"ಕೊಡಿಲ್ಲಿ" ಅಂದಳು. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಕೂರಿಸಿದಳು. ಆಮೇಲೆ ಹಿಟ್ಟಿನ ಜರಡಿ ಅಲ್ಲ, ಅದಕ್ಕಿಂತ ಸ್ವಲ್ಪ ದಪ್ಪ ಕಣ್ಣಿನ ಸ್ಟೀಲ್ ಜಾಲರಿಯೊಂದನ್ನು ತನ್ನ ಸೂಟ್‌ಕೇಸಿನಿಂದ ತೆಗೆದು ತಂದಳು. ಅಡುಗೆಮನೆಯ ಸಾಮಾನು ಸೂಟ್‌ಕೇಸಿನಲ್ಲಿ ಯಾಕಿತ್ತೋ. ಆಲೂಗಡ್ಡೆಯನ್ನು ಅದರ ಮೇಲೆ ಹಾಕಿ, ಸೌಟಿನ ಬೆನ್ನಿನಿಂದ ಒತ್ತುತ್ತಾ ಸುತ್ತಿಸಿದಳು. ಕೆಳಗೆ ಎಳೆಎಳೆಯಾಗಿ ಬಿತ್ತು. ಜಾಲರಿಯಲ್ಲಿ ಉಳಿದ ಗಂಟನ್ನು ಬೆರಳಲ್ಲಿ ಉಜ್ಜಿ ಮತ್ತೆ ಒತ್ತಿದಳು. ಕೆಳಗಿನದನ್ನು ಒಮ್ಮೆ ಎರಡು ಬೆರಳ ನಡುವೆ ತಿಕ್ಕಿ ನೋಡಿ, ಮತ್ತೊಮ್ಮೆ ಜಾಲರಿಗೆ ಹಾಕಿದಳು.

"ಇಷ್ಟು ನುಣ್ಣಗೆ ಬೇಡಮ್ಮ, ಸಾಕು. ಬ್ರೆಡ್ಡಿಗೆ ತಾನೇ."

ಕೈ ನಿಲ್ಲಿಸದೆ ಹೇಳಿದಳು: "ಒಂದು ಸಣ್ಣ ಗಂಟಿದ್ರೂ ನಿಮ್ಮಪ್ಪಂಗೆ ಗಂಟಲಲ್ಲಿ ನಿಂತ್ಕೊಂಡುಬಿಡೋದು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರೋದು. ಎರಡು ಸಲ ಒತ್ತಿದ್ರೆ ಸರಾಗ ಇಳಿಯೋದು."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಅಪ್ಪನಿಗೆ ಪಾರ್ಶ್ವವಾಯು ಆಗಿ ಹದಿನಾಲ್ಕು ತಿಂಗಳು ಹಾಸಿಗೆಯಲ್ಲಿದ್ದರು. ನುಂಗುವ ಶಕ್ತಿ ಕುಂದಿದೆ, ತೀರ ಮೆತ್ತಗಿನ ಆಹಾರವನ್ನೇ ಕೊಡಿ, ಎದ್ದು ಕೂರಿಸಿಯೇ ತಿನ್ನಿಸಿ ಅಂತ ಡಾಕ್ಟರು ಹೇಳುವಾಗ ನಾನೂ ಪಕ್ಕದಲ್ಲಿದ್ದೆ. ಫೋನಿನಲ್ಲಿ ಬರೆದೂಕೊಂಡಿದ್ದೆ. ಆಮೇಲೆ ಬೆಂಗಳೂರಿಗೆ ಬಂದೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಭಾನುವಾರ ವಾಪಸ್. ಸಂಜೆ ಊಟದ ಹೊತ್ತಿಗೆ ನಾನು ಅಪ್ಪನ ಕೋಣೆಗೆ ಹೋದರೆ ಅವರು ಬಾಯಿ ಬಿಗಿದುಕೊಳ್ಳುತ್ತಿದ್ದರು. ಬೆಳೆದ ಮಗನ ಎದುರಿಗೆ ಹೆಂಡತಿ ಕೈಲಿ ತಿನ್ನಿಸಿಕೊಳ್ಳಲು ನಾಚಿಕೆ. "ನೀನು ಆಚೆ ಇರಪ್ಪ" ಅಂತ ಅಮ್ಮ ಬಾಗಿಲು ಮುಂದೆ ಮಾಡುತ್ತಿದ್ದಳು. ನಾನು ಹಜಾರದಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಬಟ್ಟಲು ಒಳಗೆ ಹೋಗುವುದನ್ನು ನೋಡಿದ್ದೇನೆ, ಹೊರಗೆ ಬರುವುದನ್ನೂ ನೋಡಿದ್ದೇನೆ. ಅದರಲ್ಲಿ ಏನಿತ್ತು ಅಂತ ಒಂದು ದಿನವೂ ಇಣುಕಿ ನೋಡಿರಲಿಲ್ಲ. ಊರಿಂದ ಹೊರಡುವಾಗ ಅಮ್ಮನ ಕೈಗೆ ದುಡ್ಡು ಕೊಟ್ಟು, "ಏನಾದ್ರೂ ಬೇಕಾದ್ರೆ ಹೇಳು" ಅನ್ನುತ್ತಿದ್ದೆ. ಅವಳು ಏನೂ ಬೇಡ ಅನ್ನುತ್ತಿದ್ದಳು. ಲೆಕ್ಕ ಸರಿಯಾಯಿತು ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಹದಿನಾಲ್ಕು ತಿಂಗಳು ದಿನಾ ಸಂಜೆ ಎರಡು ಗಡ್ಡೆ. ಜಾಲರಿಯಲ್ಲಿ ಎರಡೆರಡು ಸಲ.

ಅಪ್ಪನಿಗೆ ಆಲೂಗಡ್ಡೆಯೇ ಯಾಕೆ ಅಂತ ಕೇಳುವ ಅಗತ್ಯ ಇರಲಿಲ್ಲ. ಅವರು ಬದುಕಿಡೀ ಬೆಳೆದದ್ದೇ ಅದನ್ನು. ಹಾಸನದ ಕಡೆಯವರಿಗೆ ಇದು ಗೊತ್ತು. ಬೇಸಿಗೆ ಕೊನೆಗೆ ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಬರುತ್ತದೆ. ಹೆಚ್ಚಿನವರು ಕೊಳ್ಳುವುದು ಕುಫ್ರಿ ಜ್ಯೋತಿ ತಳಿ. ಕುಫ್ರಿ ಅನ್ನೋದು ಶಿಮ್ಲಾ ಹತ್ತಿರದ ಒಂದು ಊರು ಅಂತ ನನಗೆ ಗೊತ್ತಾದದ್ದು ಇಂಜಿನಿಯರಿಂಗ್ ಓದುವಾಗ. ಅಲ್ಲಿವರೆಗೆ ಅದನ್ನೂ ಹಾಸನದ್ದೇ ಮಾತು ಅಂದುಕೊಂಡಿದ್ದೆ. ಗಡ್ಡೆಯನ್ನು ಪ್ರತಿ ಹೋಳಿನಲ್ಲೂ ಮೊಳಕೆಯ ಕಣ್ಣು ಇರುವಂತೆ ಕೊಯ್ದು, ಮುಂಗಾರಿನ ಮೊದಲ ಹದಕ್ಕೆ ಊರಿದರೆ ಮೂರು ತಿಂಗಳ ಬೆಳೆ. ಮಳೆ ಹಿಡಿದುಕೊಂಡು ಮೋಡ ಸರಿಯದಿದ್ದರೆ ಅಂಗಮಾರಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ನಮ್ಮ ಹೊಲಕ್ಕೂ ಬಂತು. ಎಲೆಯ ಅಂಚಿನಲ್ಲಿ ಕಂದು ಚುಕ್ಕೆ ಕಂಡ ಕೆಲವೇ ದಿನಗಳಲ್ಲಿ ಇಡೀ ಹೊಲ ಸುಟ್ಟ ಹಾಗೆ ಕಪ್ಪಾಯಿತು. ಐರ್ಲೆಂಡಿನಲ್ಲಿ 1845ರಿಂದ ಲಕ್ಷಾಂತರ ಜನ ಹಸಿವಿನಿಂದ ಸತ್ತರಲ್ಲ, ಅದಕ್ಕೆ ಕಾರಣವಾದದ್ದೂ ಇದೇ ರೋಗ. ಆ ವರ್ಷ ಅಪ್ಪ ಹೊಲದಲ್ಲಿ ಕೂತು, ಕೊಳೆತದ್ದರ ನಡುವೆ ಗಟ್ಟಿಯಿದ್ದ ಗಡ್ಡೆಗಳನ್ನು ಒಂದೊಂದೇ ಆರಿಸಿ ಕುಕ್ಕೆಗೆ ಹಾಕುತ್ತಿದ್ದುದು ನೆನಪಿದೆ. ಅರ್ಧ ಕುಕ್ಕೆಯೂ ತುಂಬಿರಲಿಲ್ಲ. "ಇಷ್ಟಾದರೂ ಉಳೀತಲ್ಲ" ಅಂದಿದ್ದರು. ಅಂಥವರ ಪಾಲಿನ ಗಡ್ಡೆಯನ್ನೇ ನಾನು ಹಸಿ ಕಸದ ಬಕೆಟ್ಟಿಗೆ ಬಗ್ಗಿಸಿದ್ದು.

ಅಮ್ಮನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಜಾಲರಿ ಕೊಡಮ್ಮ, ನಾನು ಒತ್ತುತೀನಿ" ಅಂದೆ. ಕೊಟ್ಟಳು. ಹೇಳಿದಷ್ಟು ಸುಲಭ ಇಲ್ಲ. ಎರಡು ಗಡ್ಡೆಗೆ ಮಣಿಕಟ್ಟು ನೋಯುತ್ತೆ.

ಈಗ ಅಳತೆ ಹೇಳುತ್ತೇನೆ, ಮಾಡಿ ನೋಡುವವರು ಬರೆದುಕೊಳ್ಳಿ. ಮೈದಾ 300 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ. ಬ್ರೆಡ್ ಹಿಟ್ಟು ಅಂತಲೇ ಸಿಗುವುದಾದರೆ ಮೈದಾ ಬದಲು ಅದನ್ನು ಹಾಕಿದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಉಬ್ಬಿ ಗುಳ್ಳೆ ಬಂದಿರುವ ಹೆಪ್ಪು 80 ಗ್ರಾಂ. ಕಿವುಚಿದ ಆಲೂಗಡ್ಡೆ 150 ಗ್ರಾಂ. ನೀರು 190 ಗ್ರಾಂ, ಆದರೆ ಒಂದೇ ಸಲ ಹಾಕಬೇಡಿ. 160 ಹಾಕಿ ಕಲಸಿ, ಉಳಿದದ್ದನ್ನು ಚಮಚ ಚಮಚವಾಗಿ ಸೇರಿಸಿ. ಗಡ್ಡೆಯಿಂದ ಗಡ್ಡೆಗೆ ನೀರು ವ್ಯತ್ಯಾಸ, ಹಿಟ್ಟಿನಿಂದ ಹಿಟ್ಟಿಗೂ ವ್ಯತ್ಯಾಸ. ಚಪಾತಿ ಹಿಟ್ಟಿಗಿಂತ ಸಡಿಲ, ಹೋಳಿಗೆ ಕಣಕದಷ್ಟು ಮೆತ್ತಗೆ ಇರಬೇಕು. ಉಪ್ಪು 8 ಗ್ರಾಂ. ಆಲೂಗಡ್ಡೆಗೆ ಮೊದಲೇ ಉಪ್ಪು ಹಾಕಿದ್ದರೆ 6 ಸಾಕು. ಬೆಣ್ಣೆ ಇದ್ದರೆ ಅಡ್ಡಿಯಿಲ್ಲ, ಬ್ರೆಡ್ ಇನ್ನೂ ಮೆತ್ತಗಾಗುತ್ತೆ.

ಆಲೂಗಡ್ಡೆ ಫ್ರಿಜ್ಜಿನಿಂದ ತೆಗೆದ ತಣ್ಣಗಿನದೂ ಆಗಬಾರದು, ಕುಕ್ಕರಿನಿಂದ ಇಳಿಸಿದ ಬಿಸಿಯದೂ ಆಗಬಾರದು. ತಣ್ಣಗಿದ್ದರೆ ಹಿಟ್ಟು ಏಳಲು ಸೋಮಾರಿತನ ಮಾಡುತ್ತೆ, ಸುಡುವಂತಿದ್ದರೆ ಹೆಪ್ಪು ಸತ್ತೇ ಹೋಗುತ್ತೆ. ಬೆರಳಿಟ್ಟರೆ ಹಿತವಾಗಿರಬೇಕು. ಬೇಯಿಸಿದ ಆಲೂಗಡ್ಡೆಯನ್ನು ಹೊರಗೆ ಗಂಟೆಗಟ್ಟಲೆ ಬಿಡದೆ ಫ್ರಿಜ್ಜಿಗೆ ಸೇರಿಸಿ, ಎರಡು ಮೂರು ದಿನದೊಳಗೆ ಬಳಸಿ. ವಾಸನೆ ಬಂದದ್ದು, ಲೋಳೆಯಾದದ್ದು ಬೇಡ. ಅದನ್ನು ಚೆಲ್ಲುವುದರಲ್ಲಿ ಪಾಪವಿಲ್ಲ.

ಹಿಟ್ಟು, ಆಲೂಗಡ್ಡೆ, ಹೆಪ್ಪು, ನೀರು ಕಲಸಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಉಪ್ಪು ಸೇರಿಸಿ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು, ಹಿಟ್ಟಿನ ಒಂದೊಂದು ಅಂಚನ್ನೂ ಎಳೆದು ನಡುವಿಗೆ ಮಡಚಿ. ಹೀಗೆ ನಾಲ್ಕು ಸಲ. ಮೊದಲ ಸಲ ಜಿಗುಟಾಗಿ ಕಾಡುತ್ತೆ, ಹೆದರಿ ಹಿಟ್ಟು ಸುರಿಯಬೇಡಿ. ನಾಲ್ಕನೇ ಸಲಕ್ಕೆ ಮಾತು ಕೇಳುತ್ತೆ. ನಮ್ಮ ಬೆಂಗಳೂರಿನ ಸಾಧಾರಣ ಹವೆಯಲ್ಲಿ, ಅಂದರೆ 26, 27 ಡಿಗ್ರಿಯಲ್ಲಿ, ಎಲ್ಲ ಸೇರಿ ಐದಾರು ಗಂಟೆಯಲ್ಲಿ ಒಂದೂಮುಕ್ಕಾಲು ಪಟ್ಟು ಉಬ್ಬುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ. ಉಬ್ಬಿದ ಮೇಲೆ ಸುರುಳಿ ಸುತ್ತಿ, ಎಣ್ಣೆ ಸವರಿದ 9 ಇಂಚಿನ ಬ್ರೆಡ್ ಟಿನ್ನಿನಲ್ಲಿಟ್ಟು ಮುಚ್ಚಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಿ. ಆಲೂಗಡ್ಡೆ ಹಿಟ್ಟು ಮೆತ್ತಗಿರುವುದರಿಂದ ಟಿನ್ನಿನ ಆಸರೆ ಬೇಕು. ಬಿಡಿಯಾಗಿ ಇಟ್ಟರೆ ಹರಡಿಕೊಳ್ಳುತ್ತೆ.

ಬೆಳಿಗ್ಗೆ ಓವನ್ನು 220 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ನನ್ನದು ಮಾಮೂಲಿ ಓಟಿಜಿ. ಮೊದಲ 15 ನಿಮಿಷ 220ರಲ್ಲಿ, ಆಮೇಲೆ 190ಕ್ಕೆ ಇಳಿಸಿ ಇನ್ನೊಂದು 25, 30 ನಿಮಿಷ. ಮೇಲ್ಭಾಗ ಬೇಗ ಕೆಂಪಾಗುತ್ತೆ, ಆಯಿತು ಅಂತ ಮೋಸ ಹೋಗಬೇಡಿ. ಅಲ್ಯೂಮಿನಿಯಂ ಹಾಳೆ ಮುಚ್ಚಿ ಪೂರ್ತಿ ಬೇಯಿಸಿ. ಟಿನ್ನಿನಿಂದ ತೆಗೆದು ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರುವವರೆಗೆ ಕೊಯ್ಯಬೇಡಿ. ಇದು ಹೇಳುವುದು ಸುಲಭ, ಆ ಪರಿಮಳದ ಪಕ್ಕದಲ್ಲಿ ಕೂತಿರುವುದು ಕಷ್ಟ.

ಆ ಸೋಮವಾರ ಬೆಳಿಗ್ಗೆ ಬಂದ ಬ್ರೆಡ್ಡು ನಾನು ಐದು ವರ್ಷದಲ್ಲಿ ಮಾಡಿದ್ದರಲ್ಲೇ ಮೆತ್ತಗಿತ್ತು. ಒಂದು ಗಂಟೂ ಇರಲಿಲ್ಲ. ಕೊಯ್ದ ಮೊದಲ ಹೋಳನ್ನು ಅಮ್ಮನಿಗೆ ಕೊಟ್ಟೆ. ಅವಳು ಚಾಕು ತೆಗೆದುಕೊಂಡು ಸುತ್ತಲಿನ ಗಟ್ಟಿ ಅಂಚನ್ನೆಲ್ಲ ಕತ್ತರಿಸಿದಳು. ನಡುವಿನ ಬಿಳಿಯ ಭಾಗಕ್ಕೆ ಬೆಣ್ಣೆ ಸವರಿ, ತಟ್ಟೆಯಲ್ಲಿಟ್ಟು ಅಪ್ಪನ ಫೋಟೊ ಮುಂದೆ ಇಟ್ಟಳು. ಅಲ್ಲೇ ನಿಂತು, ಕತ್ತರಿಸಿದ ಅಂಚುಗಳನ್ನು ತಾನು ತಿಂದಳು.

"ಈಗ ಬ್ರೆಡ್ ಅನ್ನಬಹುದು" ಅಂದಳು.

ಸ್ವಲ್ಪ ಹೊತ್ತಿನ ಮೇಲೆ ನಾನೇ ಕೇಳಿದೆ: "ಅವತ್ತು ನಾನು ಚೆಲ್ಲಿದಾಗ ಯಾಕಮ್ಮ ಏನೂ ಹೇಳ್ಲಿಲ್ಲ?"

"ಏನಂತ ಹೇಳೋದು? ಅವರಿಲ್ಲ ಅಂತ ನಂಗೂ ಗೊತ್ತು ಕಣಪ್ಪ. ಆರೂವರೆ ಆದ್ರೆ ಕೈ ಸುಮ್ನಿರಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾಲ್ಕು ಬೇಡ, ಎರಡೇ ಬೇಯಿಸು ಅಂತ ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ. ವಾರದ ದಿನಗಳಲ್ಲಿ ಉಳಿದದ್ದನ್ನು ಮರುದಿನ ಚಪಾತಿ ಹಿಟ್ಟಿಗೆ ಕಲಸುತ್ತೇವೆ, ಇಲ್ಲವೇ ಅಕ್ಕಿರೊಟ್ಟಿಗೆ ಸೇರಿಸುತ್ತೇವೆ. ಶನಿವಾರದ ಡಬ್ಬಿ ಬ್ರೆಡ್ಡಿಗೆ. ಜಾಲರಿ ಈಗ ಸೂಟ್‌ಕೇಸಿನಲ್ಲಿಲ್ಲ, ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಒತ್ತುವ ಕೆಲಸ ನನ್ನದು. ಸಂಜೆ ಆರೂವರೆಗೆ ಯಾವ ಮೀಟಿಂಗೂ ಇಟ್ಟುಕೊಳ್ಳದ ಹಾಗೆ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆ ಹಿಡಿದಿಟ್ಟಿದ್ದೇನೆ. ಒತ್ತುತ್ತಾ ಕೂತಾಗ ಅಮ್ಮ ಆ ಹದಿನಾಲ್ಕು ತಿಂಗಳ ಒಂದೊಂದು ಸಂಗತಿ ಹೇಳುತ್ತಾಳೆ. ಕೆಲವನ್ನು ನಗುತ್ತಾ ಹೇಳುತ್ತಾಳೆ, ಅಪ್ಪ ಒಂದು ದಿನ ಸಿಟ್ಟಿನಲ್ಲಿ ಬಟ್ಟಲು ತಳ್ಳಿದ್ದು, ಆಮೇಲೆ ತಾವೇ ಬಾಯಿ ತೆರೆದದ್ದು. ನಾನು ಕೇಳುತ್ತೇನೆ. ಆಗ ಕೇಳಬೇಕಾಗಿತ್ತು.

ನನ್ನ ಹಾಳೆಯಲ್ಲೂ ಒಂದು ತಿದ್ದುಪಡಿ ಆಗಿದೆ. ಆಲೂಗಡ್ಡೆಯನ್ನು 'ಇತರೆ'ಯಿಂದ ತೆಗೆದು ಅದಕ್ಕೆ ಬೇರೆಯೇ ಒಂದು ಸಾಲು ಕೊಟ್ಟಿದ್ದೇನೆ, ಅದರ ನೀರಿನ ಲೆಕ್ಕದ ಸಮೇತ.

ಹೋದ ವಾರ ಎರಡು ದಿನ ಅಮ್ಮ ಮೂರೇ ಗಡ್ಡೆ ಬೇಯಿಸಿದ್ದಳು. ನಾನು ಗಮನಿಸಿದೆ, ಏನೂ ಹೇಳಲಿಲ್ಲ. ಬ್ರೆಡ್ಡಿಗೆ ಬೇಕಾದ್ದು 150 ಗ್ರಾಂ. ಗಡ್ಡೆ ಸ್ವಲ್ಪ ದೊಡ್ಡದಿದ್ದರೆ ಒಂದೇ ಸಾಕು.